ಎಸ್‌ಎಸ್‌ಡಿಯ ಎರಡು ಇಮೇಜ್‌ಗಳ ಹ್ಯಾಶ್ ಹೊಂದುತ್ತಿಲ್ಲ: ಸಾಕ್ಷ್ಯವನ್ನು ತಿದ್ದಲಾಗಿದೆ ಎಂದೇ ಅರ್ಥವೇ?

ಪ್ರಶ್ನೆ
ವಕೀಲೆ_ದಾವಣಗೆರೆ

ನಾನು ದಾವಣಗೆರೆಯಲ್ಲಿ ವಕೀಲಿ ವೃತ್ತಿ ಮಾಡುತ್ತಿದ್ದೇನೆ. ಈಗ ಕೈಯಲ್ಲಿರುವ ಒಂದು ಪ್ರಕರಣದಲ್ಲಿ ಕಾನೂನಿನ ಪ್ರಶ್ನೆಗಿಂತ ಕಂಪ್ಯೂಟರಿನ ಪ್ರಶ್ನೆಯೇ ಮುಂದೆ ಬಂದು ನಿಂತಿರುವುದರಿಂದ ಬಲ್ಲವರ ನೆರವು ಕೋರುತ್ತಿದ್ದೇನೆ. ಕಕ್ಷಿದಾರರ ಗುರುತು ಸಿಗದಂತೆ ಕೆಲವು ವಿವರಗಳನ್ನು ಕೈಬಿಟ್ಟಿದ್ದೇನೆ.

ನಮ್ಮ ಕಕ್ಷಿದಾರರು ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ನಡೆಸುತ್ತಾರೆ. ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಿದ್ದ ಗುಮಾಸ್ತರು ಕೆಲಸ ಬಿಟ್ಟ ದಿನ ಸಂಜೆ, ಒಂದು ಹಂಗಾಮಿನ ಪೂರ್ತಿ ಟ್ಯಾಲಿ ಡೇಟಾವನ್ನೂ ರೈತರಿಗೆ ಕೊಟ್ಟ ಮುಂಗಡದ ಎಕ್ಸೆಲ್ ಪಟ್ಟಿಗಳನ್ನೂ ಅಂಗಡಿಯ ಲ್ಯಾಪ್‌ಟಾಪಿನಿಂದ ಅಳಿಸಿಹಾಕಿದರೆಂಬುದು ದೂರು. ಪೊಲೀಸರು ಆ ಲ್ಯಾಪ್‌ಟಾಪನ್ನೂ, ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನೂ, ಸಿಸಿಟಿವಿಯ ಡಿವಿಆರನ್ನೂ, ಗುಮಾಸ್ತರ ಆಂಡ್ರಾಯ್ಡ್ ಫೋನನ್ನೂ ಜಪ್ತಿ ಮಾಡಿದ್ದಾರೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದೆ. ಅದರೊಳಗಿರುವುದು ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಡೇಟಾ ಇಡುವ ಡ್ರೈವು.

ಜಪ್ತಿಯ ದಿನವೇ ಒಬ್ಬ ಖಾಸಗಿ ತಂತ್ರಜ್ಞರು ಎಸ್‌ಎಸ್‌ಡಿಯ ಇಮೇಜ್ (ಬಿಟ್‌ಗೆ ಬಿಟ್ ಪೂರ್ತಿ ನಕಲು) ತೆಗೆದು, ಅದರ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಹ್ಯಾಶ್ ಎಂಬ ಸಂಖ್ಯೆಯನ್ನು ಬರೆದಿಟ್ಟಿದ್ದರು. ಕೆಲವು ತಿಂಗಳ ನಂತರ ಪ್ರಯೋಗಾಲಯದವರು ಅದೇ ಎಸ್‌ಎಸ್‌ಡಿಯಿಂದ ಇನ್ನೊಂದು ಇಮೇಜ್ ತೆಗೆದಾಗ ಬೇರೆಯೇ ಹ್ಯಾಶ್ ಬಂದಿದೆ. ವರದಿಯಲ್ಲಿ ಅಳಿಸಿದ ಫೈಲುಗಳ ಹೆಸರು ಮತ್ತು ಗಾತ್ರ ಕಾಣುತ್ತವೆ, ಆದರೆ ಒಳಗೆ ಬರೀ ಸೊನ್ನೆಗಳಿವೆ ಎಂದಿದೆ. ಎದುರು ಪಕ್ಷದವರು ಎರಡು ವಾದ ಮಂಡಿಸುತ್ತಿದ್ದಾರೆ. ಹ್ಯಾಶ್ ಬದಲಾಗಿರುವುದರಿಂದ ಸಾಕ್ಷ್ಯವನ್ನು ತಿದ್ದಲಾಗಿದೆ ಎಂಬುದು ಮೊದಲನೆಯದು. ಒಳಗೆ ಏನೂ ಇಲ್ಲದ ಫೈಲುಗಳನ್ನು ಅಳಿಸಿದರೆ ನಷ್ಟವೇನು ಎಂಬುದು ಎರಡನೆಯದು. ಈ ಎರಡಕ್ಕೂ ತಾಂತ್ರಿಕವಾಗಿ ಸರಿಯಾದ ಉತ್ತರವೇನು, ಪ್ರಯೋಗಾಲಯದ ತಜ್ಞರನ್ನು ನಾನು ಏನೆಂದು ಕೇಳಬೇಕು?

---

ಉತ್ತರ
ಕೋಟೆನಾಡಿನವನು

ಮೇಡಂ, ನಾನು ಚಿತ್ರದುರ್ಗದವನು; ಡಿಜಿಟಲ್ ಸಾಧನಗಳ ಪರೀಕ್ಷೆಯೇ ನನ್ನ ಉದ್ಯೋಗ. ಎದುರು ಪಕ್ಷದ ಎರಡೂ ವಾದಗಳು ಹಳೆಯ ಹಾರ್ಡ್ ಡಿಸ್ಕಿನ ಕಾಲದ ನಂಬಿಕೆಯ ಮೇಲೆ ನಿಂತಿವೆ. ಅಂದಮಾತ್ರಕ್ಕೆ ಅವರ ಅನುಮಾನ ಪೂರ್ತಿ ಹುರುಳಿಲ್ಲದ್ದು ಎಂದೂ ನಾನು ಹೇಳಲಾರೆ. ಅದನ್ನು ಪರೀಕ್ಷಿಸಿ ತೀರ್ಮಾನಿಸುವ ದಾರಿಯೊಂದಿದೆ, ಅದನ್ನು ಮುಂದೆ ವಿವರಿಸುತ್ತೇನೆ.

ಮೊದಲು ಸೊನ್ನೆಗಳ ವಿಷಯ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿಗೆ ಫೈಲ್ ಸಿಸ್ಟಂ ಎನ್ನುತ್ತಾರೆ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಂನಲ್ಲಿ ಪ್ರತಿಯೊಂದು ಫೈಲಿಗೂ ಎಂಎಫ್‌ಟಿ ಎಂಬ ಮುಖ್ಯ ಪಟ್ಟಿಯಲ್ಲಿ ಒಂದು ದಾಖಲೆ ಇರುತ್ತದೆ. ಸಾಮಾನ್ಯವಾಗಿ 1024 ಬೈಟಿನ ಆ ದಾಖಲೆಯಲ್ಲಿ ಫೈಲಿನ ಹೆಸರು, ಗಾತ್ರ, ಸಮಯಗಳು ಮತ್ತು ಡಿಸ್ಕಿನ ಯಾವ ಯಾವ ಕ್ಲಸ್ಟರುಗಳಲ್ಲಿ (ಜಾಗದ ತುಂಡುಗಳಲ್ಲಿ) ವಿಷಯ ಕೂತಿದೆ ಎಂಬ ವಿವರ ಇರುತ್ತವೆ. ಫೈಲನ್ನು ಅಳಿಸಿದಾಗ ಈ ದಾಖಲೆ ಅಳಿಯುವುದಿಲ್ಲ, ‘ಬಳಕೆಯಲ್ಲಿಲ್ಲ’ ಎಂಬ ಗುರುತು ಮಾತ್ರ ಬೀಳುತ್ತದೆ. ಆ ಜಾಗವನ್ನು ಇನ್ನೊಂದು ಫೈಲು ತೆಗೆದುಕೊಳ್ಳುವವರೆಗೆ ಹಳೆಯ ವಿವರ ಅಲ್ಲೇ ಇರುತ್ತದೆ. ಹಾರ್ಡ್ ಡಿಸ್ಕಿನಲ್ಲಾದರೆ ವಿಷಯವೂ ಹಾಗೆಯೇ ಉಳಿಯುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಮಾತ್ರ ಫೈಲ್ ಸಿಸ್ಟಂ ‘ಈ ಕ್ಲಸ್ಟರುಗಳು ನನಗೆ ಇನ್ನು ಬೇಡ’ ಎಂದು ಡ್ರೈವಿಗೆ ತಿಳಿಸುತ್ತದೆ. ಟ್ರಿಮ್ ಎಂಬ ಈ ಸೂಚನೆಯನ್ನು ವಿಂಡೋಸ್ 2009ರ ವಿಂಡೋಸ್ 7ರಿಂದಲೇ ಕಳುಹಿಸುತ್ತಿದೆ. ಸೂಚನೆ ತಲುಪಿದ ಮೇಲೆ ಆ ಜಾಗವನ್ನು ಓದಲು ಹೋದರೆ ಬಹುಪಾಲು ಡ್ರೈವುಗಳು ಸೊನ್ನೆಯನ್ನೇ ಹಿಂದಿರುಗಿಸುತ್ತವೆ. ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ ಎಲ್ಲವೂ ಸರಿಯಾಗಿದ್ದು, ಹೊಲಕ್ಕೆ ಹೋದರೆ ಬೆಳೆ ಕಿತ್ತು ನೆಲ ಸಮ ಮಾಡಿರುವಂತಹ ಸ್ಥಿತಿ ಇದು. ಬೆಳೆ ಇಲ್ಲ ಎಂಬ ಕಾರಣಕ್ಕೆ ಪಹಣಿ ಸುಳ್ಳಾಗುವುದಿಲ್ಲ.

ಆದ್ದರಿಂದ ‘ಒಳಗೆ ಏನೂ ಇರಲಿಲ್ಲ’ ಎಂಬ ವಾದಕ್ಕೆ ಉತ್ತರ ಎಂಎಫ್‌ಟಿಯಲ್ಲೇ ಇದೆ. ನಿಜವಾಗಿಯೂ ಖಾಲಿಯಿದ್ದ ಫೈಲಿನ ಗಾತ್ರ ಸೊನ್ನೆ ಎಂದೇ ದಾಖಲಾಗಿರುತ್ತದೆ, ಅದಕ್ಕೆ ಕ್ಲಸ್ಟರುಗಳೇ ಹಂಚಿಕೆಯಾಗಿರುವುದಿಲ್ಲ. ನಿಮ್ಮ ವರದಿಯಲ್ಲಿ ಗಾತ್ರವೂ ಕಾಣುತ್ತಿದೆ ಎಂದಿದ್ದೀರಿ. ಗಾತ್ರವಿದ್ದು, ಕ್ಲಸ್ಟರಿನ ವಿವರವಿದ್ದು, ಅಲ್ಲಿ ಮಾತ್ರ ಸೊನ್ನೆಗಳಿದ್ದರೆ ಅದು ಅಳಿಸುವಿಕೆ ಮತ್ತು ಟ್ರಿಮ್‌ನ ಗುರುತಿಗೆ ಸರಿಹೊಂದುತ್ತದೆ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ: ಸುಮಾರು 700 ಬೈಟಿಗಿಂತ ಚಿಕ್ಕದಾದ ಫೈಲುಗಳ ವಿಷಯವು ಹೊರಗಿನ ಕ್ಲಸ್ಟರಿಗೆ ಹೋಗದೆ ಎಂಎಫ್‌ಟಿ ದಾಖಲೆಯ ಒಳಗೇ ಕೂರುತ್ತದೆ. ಟ್ರಿಮ್ ಅದನ್ನು ಮುಟ್ಟುವುದಿಲ್ಲ. ಗುಮಾಸ್ತರು ಚಿಕ್ಕ ನೋಟ್‌ಪ್ಯಾಡ್ ಟಿಪ್ಪಣಿಗಳನ್ನು ಬರೆದಿಟ್ಟು ಅಳಿಸಿದ್ದರೆ ಅವು ಅಕ್ಷರಶಃ ಸಿಗಬಹುದು.

ವಿಷಯ ಹೋದ ಮೇಲೆ ತನಿಖೆಯ ತೂಕವೆಲ್ಲ ಕ್ರಿಯೆಯ ದಾಖಲೆಗಳ ಮೇಲೆ ಬೀಳುತ್ತದೆ. ಎನ್‌ಟಿಎಫ್‌ಎಸ್ ತನ್ನೊಳಗೆ ಯುಎಸ್‌ಎನ್ ಜರ್ನಲ್ ಎಂಬ ದಿನಚರಿಯನ್ನು ಇಟ್ಟುಕೊಳ್ಳುತ್ತದೆ: ಯಾವ ಫೈಲು ಯಾವಾಗ ಸೃಷ್ಟಿಯಾಯಿತು, ಯಾವಾಗ ಹೆಸರು ಬದಲಾಯಿತು, ಯಾವಾಗ ಅಳಿಯಿತು ಎಂಬುದು ಅಲ್ಲಿ ಸಾಲುಸಾಲಾಗಿ ಸಿಗುತ್ತದೆ. ಫೈಲನ್ನು ರಿಸೈಕಲ್ ಬಿನ್‌ಗೆ ಹಾಕಿ ಆಮೇಲೆ ಖಾಲಿ ಮಾಡಿದರೆ, ಮೊದಲು ಡಾಲರ್ ಚಿಹ್ನೆ ಮತ್ತು ಆರ್ ಅಕ್ಷರದಿಂದ ಆರಂಭವಾಗುವ ಹೊಸ ಹೆಸರಿಗೆ ಬದಲಾವಣೆ, ನಂತರ ಅಳಿಸುವಿಕೆ ಎಂದು ಎರಡು ಹಂತಗಳು ಕಾಣುತ್ತವೆ. ಶಿಫ್ಟ್ ಒತ್ತಿ ಅಳಿಸಿದ್ದರೆ ಮೊದಲ ಹಂತ ಇರುವುದಿಲ್ಲ. ಒಂದು ಫೋಲ್ಡರಿನ ನೂರಾರು ಫೈಲುಗಳು ಕೆಲವೇ ಸೆಕೆಂಡುಗಳಲ್ಲಿ ಸಾಲಾಗಿ ಅಳಿದಿದ್ದರೆ ಯಾರೋ ಇಡೀ ಫೋಲ್ಡರನ್ನೇ ಆರಿಸಿ ತೆಗೆದರೆಂದು ತಿಳಿಯುತ್ತದೆ. ಅದನ್ನು ಮಾಡಿದವರು ಯಾರೆಂಬುದನ್ನು ಜರ್ನಲ್ ಹೇಳುವುದಿಲ್ಲ. ಅದಕ್ಕೆ ಆ ಹೊತ್ತಿನಲ್ಲಿ ಯಾವ ಖಾತೆಯಿಂದ ಲಾಗಿನ್ ಆಗಿತ್ತೆಂದು ವಿಂಡೋಸ್‌ನ ಘಟನೆಗಳ ದಾಖಲೆಯಾದ ಈವೆಂಟ್ ಲಾಗ್ ನೋಡಬೇಕು, ಕುರ್ಚಿಯಲ್ಲಿ ಯಾರು ಕೂತಿದ್ದರೆಂದು ಸಿಸಿಟಿವಿ ನೋಡಬೇಕು.

ಇಲ್ಲಿ ನಿಮ್ಮ ಕಕ್ಷಿದಾರರನ್ನೇ ಕೇಳಬೇಕಾದ ಒಂದು ಪ್ರಶ್ನೆ ಇದೆ. ಯುಎಸ್‌ಎನ್ ಜರ್ನಲ್‌ಗೆ ಗಾತ್ರದ ಮಿತಿ ಇದೆ; ಹೊಸ ದಾಖಲೆಗಳು ಸೇರಿದ ಹಾಗೆಲ್ಲ ಹಳೆಯವು ಉದುರುತ್ತವೆ. ಗುಮಾಸ್ತರು ಬಿಟ್ಟುಹೋದ ದಿನಕ್ಕೂ ಜಪ್ತಿಯ ದಿನಕ್ಕೂ ನಡುವೆ ಅಂಗಡಿಯವರು ಅದೇ ಲ್ಯಾಪ್‌ಟಾಪಿನಲ್ಲಿ ವ್ಯವಹಾರ ಮುಂದುವರಿಸಿದ್ದರೆ, ಅಥವಾ ‘ಅಳಿಸಿದ್ದನ್ನು ವಾಪಸು ತರುತ್ತೇನೆ’ ಎಂದು ಯಾರಾದರೂ ಅದರ ಮೇಲೆಯೇ ರಿಕವರಿ ತಂತ್ರಾಂಶ ಹಾಕಿದ್ದರೆ, ಕಳೆದುಹೋಗಿರುವುದರ ಒಂದು ಭಾಗಕ್ಕೆ ಅವರೇ ಕಾರಣರಾಗುತ್ತಾರೆ. ಪಾಟಿ ಸವಾಲಿನಲ್ಲಿ ಇದು ಬಂದೇ ಬರುತ್ತದೆ. ಮೊದಲೇ ತಿಳಿದುಕೊಳ್ಳಿ.

ಇನ್ನು ಹ್ಯಾಶ್. ಹ್ಯಾಶ್ ಬದಲಾಗಿದೆ ಎಂದರೆ ಎಲ್ಲೋ ಒಂದು ಬಿಟ್ ಆದರೂ ಬದಲಾಗಿದೆ ಎಂದಷ್ಟೇ ಅರ್ಥ. ಎಲ್ಲಿ ಮತ್ತು ಏಕೆ ಎಂಬುದನ್ನು ಅದು ಹೇಳುವುದಿಲ್ಲ. ಎಸ್‌ಎಸ್‌ಡಿಯೊಳಗೆ ಅದರದೇ ಒಂದು ನಿಯಂತ್ರಕ ಇದ್ದು, ವಿದ್ಯುತ್ ಸಿಕ್ಕಿದ ಕೂಡಲೇ ಬೇಡವಾದ ಬ್ಲಾಕುಗಳನ್ನು ತಾನಾಗಿ ಶುಚಿ ಮಾಡತೊಡಗುತ್ತದೆ. ರೈಟ್ ಬ್ಲಾಕರ್ ಹೊರಗಿನಿಂದ ಬರುವ ಬರವಣಿಗೆಯನ್ನು ತಡೆಯುತ್ತದೆಯೇ ಹೊರತು ಒಳಗಿನ ಈ ಕೆಲಸವನ್ನು ತಡೆಯಲಾರದು. ಟ್ರಿಮ್ ಆದ ಜಾಗವನ್ನು ಓದಿದಾಗ ಯಾವಾಗಲೂ ಸೊನ್ನೆಯನ್ನೇ ಕೊಡುವ ಡ್ರೈವುಗಳಲ್ಲಿ ಎರಡು ಇಮೇಜ್‌ಗಳ ಹ್ಯಾಶ್ ಹೊಂದುವ ಸಾಧ್ಯತೆ ಹೆಚ್ಚು. ಮೊದಲು ಹಳೆಯ ಡೇಟಾ, ಶುಚಿಯಾದ ಮೇಲೆ ಸೊನ್ನೆ ಕೊಡುವ ಡ್ರೈವುಗಳೂ ಇರಬಹುದು.

ಆದರೆ ‘ಎಸ್‌ಎಸ್‌ಡಿ ಅಂದರೆ ಹೀಗೇ’ ಎಂದು ಹೇಳಿ ಮುಗಿಸಿಬಿಡುವುದು ಸರಿಯಲ್ಲ. ನಿಮ್ಮಲ್ಲಿ ಎರಡು ಇಮೇಜ್‌ಗಳಿರುವುದು ನಿಮ್ಮ ಭಾಗ್ಯವೇ. ಅವೆರಡನ್ನೂ ಸೆಕ್ಟರಿಗೆ ಸೆಕ್ಟರ್ (ಡ್ರೈವಿನ ಅತಿ ಚಿಕ್ಕ ಜಾಗವೇ ಸೆಕ್ಟರ್) ಹೋಲಿಸಿ, ಎಲ್ಲೆಲ್ಲಿ ವ್ಯತ್ಯಾಸವಿದೆಯೋ ಆ ಸೆಕ್ಟರುಗಳು ಫೈಲ್ ಸಿಸ್ಟಂನ ಯಾವ ಭಾಗಕ್ಕೆ ಸೇರಿವೆ ಎಂದು ಗುರುತಿಸಲು ಕೇಳಿ. ವ್ಯತ್ಯಾಸಗಳೆಲ್ಲ ಯಾವ ಫೈಲಿಗೂ ಸೇರದ ಖಾಲಿ ಜಾಗದಲ್ಲೇ ಇದ್ದು, ಮೊದಲ ಇಮೇಜಿನಲ್ಲಿ ಡೇಟಾ ಇದ್ದ ಕಡೆ ಎರಡನೆಯದರಲ್ಲಿ ಸೊನ್ನೆ ಇದ್ದರೆ, ಅದು ನಿಯಂತ್ರಕದ ಕೆಲಸ. ಬದಲಿಗೆ ಎಂಎಫ್‌ಟಿಯಲ್ಲಿ, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿ ಫೈಲುಗಳಲ್ಲಿ, ಈವೆಂಟ್ ಲಾಗ್‌ನಲ್ಲಿ ವ್ಯತ್ಯಾಸ ಕಂಡರೆ ನಡುವೆ ಯಾರೋ ಲ್ಯಾಪ್‌ಟಾಪನ್ನು ಆನ್ ಮಾಡಿದ್ದಾರೆ. ಯಾವ ದಿನ ಎಷ್ಟು ಹೊತ್ತಿಗೆ ಎಂಬುದೂ ಅಲ್ಲೇ ಸಿಗುತ್ತದೆ. ಈ ಎರಡನ್ನೂ ಬೇರ್ಪಡಿಸದೆ ತಿದ್ದುಪಡಿ ಆಗಿದೆ ಎನ್ನುವುದಾಗಲಿ ಆಗಿಲ್ಲ ಎನ್ನುವುದಾಗಲಿ ಆಧಾರವಿಲ್ಲದ ಮಾತು. ಮೊದಲ ಸ್ಥಿತಿ ಇದ್ದಲ್ಲಿ ಇನ್ನೊಂದು ಲಾಭವೂ ಇದೆ: ಮೊದಲ ಇಮೇಜಿನಲ್ಲಿ ಅಳಿಸಿದ ಫೈಲುಗಳ ತುಣುಕುಗಳು ಇನ್ನೂ ಉಳಿದಿರಬಹುದು. ಪ್ರಯೋಗಾಲಯದವರು ತಮ್ಮ ಇಮೇಜನ್ನು ಮಾತ್ರ ಹುಡುಕಿದ್ದರೆ, ಮೊದಲನೆಯದನ್ನೂ ಹುಡುಕಲು ಕೋರಿ.

ಕೊನೆಯದಾಗಿ, ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ (ಡ್ರೈವನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ವ್ಯವಸ್ಥೆ) ಇತ್ತೇ ಎಂದು ಖಚಿತಪಡಿಸಿಕೊಳ್ಳಿ. ಈಚಿನ ವಿಂಡೋಸ್ 11ರ ಅನೇಕ ಲ್ಯಾಪ್‌ಟಾಪುಗಳಲ್ಲಿ ಅದು ಮಾಲೀಕರಿಗೆ ಅರಿವಿಲ್ಲದೆಯೇ ಚಾಲೂ ಆಗಿರುತ್ತದೆ. ಇದ್ದಿದ್ದರೆ, ಟ್ರಿಮ್ ಆದ ಜಾಗವನ್ನು ಡಿಕ್ರಿಪ್ಟ್ ಮಾಡಿ ನೋಡಿದಾಗ ಸೊನ್ನೆಗಳ ಬದಲು ಅರ್ಥವಿಲ್ಲದ ಬೈಟುಗಳು ಕಾಣಬೇಕಿತ್ತು. ವರದಿ ಸೊನ್ನೆ ಎಂದಿರುವುದರಿಂದ ಬಹುಶಃ ಇರಲಿಲ್ಲ. ಆದರೂ ಇದನ್ನು ತಜ್ಞರ ಬಾಯಿಂದಲೇ ದಾಖಲಿಸುವುದು ಒಳ್ಳೆಯದು.

---

ಉತ್ತರ
ಮಂಡಿಪೇಟೆ_ಡೇಟಾ

ಕೋಟೆನಾಡಿನವರು ಲ್ಯಾಪ್‌ಟಾಪಿನ ಬಗ್ಗೆ ಹೇಳಬೇಕಾದುದನ್ನೆಲ್ಲ ಹೇಳಿದ್ದಾರೆ. ನಾನು ಮಂಡಿಪೇಟೆಯಲ್ಲಿ ಹಾರ್ಡ್ ಡಿಸ್ಕ್ ದುರಸ್ತಿ, ಡೇಟಾ ರಿಕವರಿ ಕೆಲಸ ಮಾಡುತ್ತೇನೆ. ಉಳಿದವುಗಳಲ್ಲಿ ಹಾರ್ಡ್ ಡಿಸ್ಕು ಮತ್ತು ಡಿವಿಆರ್ ಬಗ್ಗೆ ನನಗೆ ಗೊತ್ತಿರುವಷ್ಟನ್ನು ತಿಳಿಸುತ್ತೇನೆ.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕು ತಿರುಗುವ ತಟ್ಟೆಯ ಡಿಸ್ಕೇ ಆಗಿದ್ದರೆ ಅದರ ಮೇಲೆ ನೀವು ಹೆಚ್ಚು ಭರವಸೆ ಇಡಬಹುದು. ಇವು ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಫೈಲ್ ಸಿಸ್ಟಂನಲ್ಲಿ ಇರುತ್ತವೆ. ಎಕ್ಸ್‌ಫ್ಯಾಟ್‌ನಲ್ಲಿ ಫೈಲು ಅಳಿಸಿದಾಗ ಅದರ ನಮೂದಿನ ಮೊದಲ ಬೈಟು (ಹೆಕ್ಸ್ ಲೆಕ್ಕದಲ್ಲಿ) 85ರಿಂದ 05ಕ್ಕೆ ಬದಲಾಗುತ್ತದೆ, ಇಂಥ ಗುರುತುಗಳಷ್ಟೇ ಬದಲಾಗುವುದು. ಹೆಸರು, ಉದ್ದ, ಮೊದಲ ಕ್ಲಸ್ಟರು ಎಲ್ಲವೂ ಹೆಕ್ಸ್ ಎಡಿಟರಿನಲ್ಲಿ ಕಣ್ಣಿಗೆ ಕಾಣುತ್ತವೆ. ಫೈಲು ಒಂದೇ ಸಾಲಿನಲ್ಲಿ ಬರೆದದ್ದಾಗಿದ್ದರೆ ಪೂರ್ತಿಯಾಗಿ ವಾಪಸು ಬರುತ್ತದೆ. ಟ್ಯಾಲಿಯ ಬ್ಯಾಕಪ್ ಒಮ್ಮೆಯಾದರೂ ಆ ಡಿಸ್ಕಿಗೆ ಹೋಗಿದ್ದರೆ ಸಿಗುವ ಸಂಭವ ಚೆನ್ನಾಗಿದೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಈಚಿನ ಕೆಲವು ಎಸ್‌ಎಂಆರ್ ಮಾದರಿಯ (ಸಾಲುಗಳನ್ನು ಒಂದರ ಮೇಲೊಂದು ಚಾಚುವಂತೆ ಬರೆಯುವ) ಹಾರ್ಡ್ ಡಿಸ್ಕುಗಳೂ ಟ್ರಿಮ್ ಸೂಚನೆಯನ್ನು ಸ್ವೀಕರಿಸುತ್ತವೆ. ಮಾಡೆಲ್ ನಂಬರ್ ನೋಡದೆ ಭರವಸೆ ಕೊಡಬಾರದು.

ಡಿವಿಆರ್ ವಿಷಯದಲ್ಲಿ ನನಗೆ ನಿಜಕ್ಕೂ ಕಳವಳವಿದೆ. ಡಿವಿಆರ್ ಕಂಪನಿಗಳು ಹಲವು ಬಾರಿ ತಮ್ಮದೇ ಫೈಲ್ ಸಿಸ್ಟಂ ಬಳಸುತ್ತವೆ. ವಿಂಡೋಸ್‌ಗೆ ಅದು ಅರ್ಥವಾಗುವುದಿಲ್ಲ. ಡಿಸ್ಕನ್ನು ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದ ಕೂಡಲೇ ‘ಡಿಸ್ಕನ್ನು ಇನಿಶಿಯಲೈಸ್ ಮಾಡಬೇಕು’ ಅಥವಾ ‘ಫಾರ್ಮ್ಯಾಟ್ ಮಾಡಬೇಕು’ ಎಂಬ ಕಿಟಕಿ ತೆರೆಯುತ್ತದೆ. ನೋಡುವ ಆತುರದಲ್ಲಿ ಸರಿ ಎಂದು ಒತ್ತಿದವರ ಡಿಸ್ಕುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಅದನ್ನು ಯಾರೂ ಒತ್ತಬಾರದು. ಇನ್ನು ಡಿವಿಆರ್ ಜಾಗ ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆಯುತ್ತಾ ಹೋಗುವ ಯಂತ್ರ. ಜಪ್ತಿ ತಡವಾದಷ್ಟೂ ಆ ಸಂಜೆಯ ದೃಶ್ಯ ಉಳಿಯುವ ಸಂಭವ ಕಡಿಮೆ. ಅದರ ಗಡಿಯಾರ ಎಷ್ಟು ಮುಂದೆ ಅಥವಾ ಹಿಂದೆ ಇತ್ತು ಎಂಬುದನ್ನು ಜಪ್ತಿಯ ಸಮಯದಲ್ಲಿ ಮಹಜರಿನಲ್ಲಿ ಬರೆದಿದ್ದಾರೆಯೇ ನೋಡಿ. ಬರೆಯದಿದ್ದರೆ ಲ್ಯಾಪ್‌ಟಾಪಿನ ಸಮಯಕ್ಕೂ ದೃಶ್ಯದ ಸಮಯಕ್ಕೂ ತಾಳೆ ಹಾಕುವುದು ಕಷ್ಟವಾಗುತ್ತದೆ.

---

ವಕೀಲೆ_ದಾವಣಗೆರೆ

ಇಬ್ಬರಿಗೂ ಕೃತಜ್ಞತೆಗಳು. ಸೆಕ್ಟರ್ ಹೋಲಿಕೆಯ ವಿಷಯ ವರದಿಯಲ್ಲಿ ಎಲ್ಲಿಯೂ ಇಲ್ಲ. ಕಕ್ಷಿದಾರರನ್ನು ವಿಚಾರಿಸಿದೆ: ಗುಮಾಸ್ತರು ಹೋದ ಮೇಲೆ ಲ್ಯಾಪ್‌ಟಾಪನ್ನು ಒಂದೆರಡು ದಿನ ಬಳಸಿದ್ದಾರೆ, ಆದರೆ ರಿಕವರಿ ತಂತ್ರಾಂಶ ಹಾಕಿಲ್ಲ ಎನ್ನುತ್ತಾರೆ.

ಇನ್ನೂ ಎರಡು ತೊಡಕುಗಳಿವೆ. ಅಳಿಸಿದ ಸಮಯ 12.40 ಎಂದು ವರದಿಯಲ್ಲಿದೆ. ನಮ್ಮ ದೂರಿನಲ್ಲಿ ಸಂಜೆ ಆರರ ಸುಮಾರಿಗೆ ಎಂದಿದೆ. ಜೊತೆಗೆ, ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಸಿಕ್ಕ ಒಂದು ಮುಂಗಡದ ಪಟ್ಟಿಯು ಮಾರ್ಪಾಡಾದ ದಿನಾಂಕ ಮೊದಲು, ಸೃಷ್ಟಿಯಾದ ದಿನಾಂಕ ಆಮೇಲೆ ಎಂದು ತೋರಿಸುತ್ತಿದೆ. ಹುಟ್ಟುವ ಮೊದಲೇ ತಿದ್ದಲ್ಪಟ್ಟ ಫೈಲು ಕೃತಕವಾದದ್ದು ಎಂದು ಎದುರು ಪಕ್ಷದವರು ಹೇಳುತ್ತಿದ್ದಾರೆ.

ಮತ್ತೊಂದು ಸಂಗತಿ ನಿನ್ನೆಯಷ್ಟೇ ತಿಳಿಯಿತು. ಅಂಗಡಿಯವರ ಸಹೋದರರು ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ ನಡೆಸುತ್ತಾರೆ. ಅಲ್ಲಿನ ಕಚೇರಿಯಲ್ಲಿ ಎರಡು ಡಿಸ್ಕಿನ ಒಂದು ನಾಸ್ ಪೆಟ್ಟಿಗೆ (ನೆಟ್‌ವರ್ಕಿನ ಮೂಲಕ ಫೈಲು ಇಡುವ ಸಾಧನ) ಇದ್ದು, ದಾವಣಗೆರೆಯ ಲ್ಯಾಪ್‌ಟಾಪಿನ ಲೆಕ್ಕದ ಫೋಲ್ಡರ್ ಪ್ರತಿ ರಾತ್ರಿ ಅದಕ್ಕೆ ಸಿಂಕ್ ಆಗುತ್ತಿತ್ತಂತೆ. ಆದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿದಿದೆ ಎಂದು ಅವರು ಕೈಚೆಲ್ಲಿದ್ದಾರೆ.

---

ಉತ್ತರ
ಹದಡಿ_ರಸ್ತೆ

ನಾನು ಇಲ್ಲಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಂ ಪಾಠ ಮಾಡುತ್ತೇನೆ. ಸಮಯದ ಎರಡೂ ತೊಡಕುಗಳು ಬಗೆಹರಿಯುವಂಥವೇ ಎಂದು ನನಗೆ ತೋರುತ್ತದೆ.

ಎನ್‌ಟಿಎಫ್‌ಎಸ್ ಸಮಯವನ್ನು ಯುಟಿಸಿ ಎಂಬ ಅಂತರರಾಷ್ಟ್ರೀಯ ಕಾಲಮಾನದಲ್ಲಿ ಬರೆಯುತ್ತದೆ. 1601ರ ಜನವರಿ 1ರಿಂದ 100 ನ್ಯಾನೊಸೆಕೆಂಡಿನ ಘಟಕಗಳಲ್ಲಿ ಎಣಿಸುತ್ತದೆ. ನಮ್ಮ ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. 12.40ಕ್ಕೆ ಐದೂವರೆ ಗಂಟೆ ಸೇರಿಸಿದರೆ ಸಂಜೆ 6.10 ಆಗುತ್ತದೆ. ವರದಿಯ ಆ ಕೋಷ್ಟಕದಲ್ಲಿ ಯಾವ ಕಾಲಮಾನ ಎಂದು ನಮೂದಿಸಿದ್ದಾರೆಯೇ ನೋಡಿ. ಇಲ್ಲದಿದ್ದರೆ ತಜ್ಞರನ್ನು ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಹಳೆಯ ಫ್ಯಾಟ್32ರಲ್ಲಿ ಸ್ಥಳೀಯ ಸಮಯವೇ ದಾಖಲಾಗುತ್ತದೆ, ಕಾಲಮಾನದ ಗುರುತಿಲ್ಲ, ಮಾರ್ಪಾಡಿನ ಸಮಯ ಎರಡು ಸೆಕೆಂಡಿನ ನಿಖರತೆಯದು. ಎಕ್ಸ್‌ಫ್ಯಾಟ್‌ನಲ್ಲಿ ಸ್ಥಳೀಯ ಸಮಯದ ಜೊತೆಗೆ ಯುಟಿಸಿಯಿಂದ ಎಷ್ಟು ವ್ಯತ್ಯಾಸ ಎಂಬುದನ್ನು ಹದಿನೈದು ನಿಮಿಷದ ಲೆಕ್ಕದಲ್ಲಿ ಬರೆಯುವ ಜಾಗವಿದೆ. ನಮಗೆ ಅದು 22 ಆಗಿರಬೇಕು. ಒಂದೇ ಪ್ರಕರಣದ ಎರಡು ಸಾಧನಗಳ ಸಮಯವನ್ನು ಒಂದೇ ಕೋಷ್ಟಕದಲ್ಲಿ ಹಾಕುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸತ್ಯವಾದ ಘಟನಾಕ್ರಮವೂ ಸುಳ್ಳಿನಂತೆ ಕಾಣುತ್ತದೆ.

ಸೃಷ್ಟಿಗಿಂತ ಮೊದಲೇ ಮಾರ್ಪಾಡು ಎಂಬುದು ಇನ್ನೂ ಸರಳ. ವಿಂಡೋಸ್‌ನಲ್ಲಿ ಫೈಲೊಂದನ್ನು ಒಂದು ಡ್ರೈವಿನಿಂದ ಇನ್ನೊಂದಕ್ಕೆ ನಕಲು ಮಾಡಿದಾಗ, ಹೊಸ ಜಾಗದಲ್ಲಿ ಆ ನಕಲು ಹುಟ್ಟಿದ್ದು ನಕಲು ಮಾಡಿದ ಕ್ಷಣದಲ್ಲಿ. ಒಳಗಿನ ವಿಷಯ ಕೊನೆಯ ಬಾರಿ ಬದಲಾದದ್ದು ಮೂಲದಲ್ಲಿ, ಅದಕ್ಕೂ ಮೊದಲು. ಆದ್ದರಿಂದ ಮಾರ್ಪಾಡಿನ ಸಮಯ ಹಳೆಯದು, ಸೃಷ್ಟಿಯ ಸಮಯ ಹೊಸದು ಎಂದು ಬರುವುದು ನಕಲಾದ ಫೈಲಿನ ಸಹಜ ಲಕ್ಷಣ. ನಿಮ್ಮ ಕಂಪ್ಯೂಟರಿನಲ್ಲಿ ಹಳೆಯ ಪತ್ರವೊಂದನ್ನು ಪೆನ್‌ಡ್ರೈವಿಗೆ ಹಾಕಿ, ಅದರ ಪ್ರಾಪರ್ಟೀಸ್ ತೆರೆದು ನೋಡಿದರೆ ನಿಮಗೇ ಕಾಣುತ್ತದೆ. ನ್ಯಾಯಾಲಯದಲ್ಲಿಯೂ ತಜ್ಞರು ಇದನ್ನು ತೋರಿಸಬಹುದು. ಸಮಯವನ್ನು ಬೇಕೆಂದೇ ತಿದ್ದಿದ್ದಾರೆಯೇ ಎಂಬ ಅನುಮಾನಕ್ಕೆ ಬೇರೆ ಪರೀಕ್ಷೆ ಇದೆ. ಎನ್‌ಟಿಎಫ್‌ಎಸ್ ಪ್ರತಿ ಫೈಲಿನ ಸಮಯಗಳನ್ನು ಎರಡು ಕಡೆ ಇಡುತ್ತದೆ: ಒಂದು ಕಡೆಯದನ್ನು ಸಾಮಾನ್ಯ ತಂತ್ರಾಂಶಗಳು ಬದಲಿಸಬಲ್ಲವು, ಹೆಸರಿನ ಜೊತೆಗಿರುವ ಇನ್ನೊಂದನ್ನು ಆಪರೇಟಿಂಗ್ ಸಿಸ್ಟಂ ತಾನೇ ಬರೆಯುತ್ತದೆ. ಎರಡನ್ನೂ ಯುಎಸ್‌ಎನ್ ಜರ್ನಲ್ ಜೊತೆ ಹೋಲಿಸಿದರೆ ತಿದ್ದಿದ್ದು ಸಾಮಾನ್ಯವಾಗಿ ಬೆಳಕಿಗೆ ಬರುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ಆ ಎರಡನೆಯ ಪ್ರತಿ ಇಲ್ಲ.

ಈಗ ಚಳ್ಳಕೆರೆಯ ನಾಸ್. ದಯವಿಟ್ಟು ಇದನ್ನು ಕೈಬಿಡಬೇಡಿ. ನಿಮ್ಮ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಸ್ತು ಬಹುಶಃ ಅದೇ ಇರಬಹುದು. ಈಚಿನ ಅನೇಕ ನಾಸ್ ಪೆಟ್ಟಿಗೆಗಳು ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಬಳಸುತ್ತವೆ. 2009ರಲ್ಲಿ ಲಿನಕ್ಸ್ ಕರ್ನಲ್ ಸೇರಿದ ಅದರ ಮುಖ್ಯ ಗುಣವೆಂದರೆ, ಫೈಲನ್ನು ಬದಲಿಸಿದಾಗ ಹಳೆಯ ಜಾಗದ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆದು, ಆಮೇಲೆ ಕೊಂಡಿಯನ್ನು ಮಾತ್ರ ಬದಲಿಸುವುದು. ಝಡ್‌ಎಫ್‌ಎಸ್, ಆಪಲ್ ಸಾಧನಗಳಲ್ಲಿ 2017ರಿಂದ ಇರುವ ಎಪಿಎಫ್‌ಎಸ್ ಕೂಡ ಇದೇ ಪದ್ಧತಿಯವು. ಹಳೆಯ ಕೊಂಡಿಗಳನ್ನು ಹಾಗೆಯೇ ಹಿಡಿದಿಟ್ಟುಕೊಂಡರೆ ಅದೇ ಸ್ನ್ಯಾಪ್‌ಶಾಟ್; ಆ ಕ್ಷಣದಲ್ಲಿ ಫೋಲ್ಡರ್ ಹೇಗಿತ್ತೋ ಹಾಗೆಯೇ ಓದಬಹುದು. ಸಿಂಕ್ ತಂತ್ರಾಂಶ ಈಗಿನ ಫೋಲ್ಡರಿನಲ್ಲಿ ಫೈಲು ಅಳಿಸಿರಬಹುದು, ಆದರೆ ಹಿಂದಿನ ರಾತ್ರಿಯ ಸ್ನ್ಯಾಪ್‌ಶಾಟ್‌ನೊಳಗೆ ಅದು ಕೈಹಾಕಲಾರದು. ಆ ಪೆಟ್ಟಿಗೆಯಲ್ಲಿ ಸ್ನ್ಯಾಪ್‌ಶಾಟ್ ವ್ಯವಸ್ಥೆ ಚಾಲೂ ಇತ್ತೇ ಎಂದು ಇಂದೇ ವಿಚಾರಿಸಿ.

ಇದ್ದರೆ, ಕಾಲ ಬಹಳ ಕಡಿಮೆ. ಇಷ್ಟು ದಿನಕ್ಕಿಂತ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ತಾನಾಗಿ ತೆಗೆದುಹಾಕುವ ನಿಯಮ ಅಂತಹ ಪೆಟ್ಟಿಗೆಗಳಲ್ಲಿ ಸಾಮಾನ್ಯ. ಪೆಟ್ಟಿಗೆಯನ್ನು ಅದರದೇ ಮೆನುವಿನಿಂದ ಕ್ರಮವಾಗಿ ಆಫ್ ಮಾಡಿಸಿ, ತನಿಖಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಡಿಸ್ಕುಗಳು ಯಾವ ಯಾವ ಸ್ಲಾಟಿನಲ್ಲಿದ್ದವು ಎಂದು ಗುರುತು ಹಾಕಿಸಿ ಜಪ್ತಿ ಮಾಡಿಸಿ. ಪರೀಕ್ಷಿಸುವವರಿಗೂ ಎರಡು ಮಾತು ತಲುಪಲಿ. ಓದಲು ಮಾತ್ರ ಎಂದು ಮೌಂಟ್ ಮಾಡಿದರೂ (ಕಂಪ್ಯೂಟರಿಗೆ ಜೋಡಿಸಿ ತೆರೆದರೂ) ಅರ್ಧಕ್ಕೆ ನಿಂತ ಲಾಗನ್ನು ಪೂರ್ಣಗೊಳಿಸಲು ಈ ಫೈಲ್ ಸಿಸ್ಟಂಗಳು ಡಿಸ್ಕಿಗೆ ಬರೆಯುವ ಸಂಭವವಿದೆ. ಅದನ್ನು ತಡೆಯುವ ಆಯ್ಕೆ ಬಿಟಿಆರ್‌ಎಫ್‌ಎಸ್‌ಗೆ ಒಂದು, ಲಿನಕ್ಸ್‌ನ ಬೇರೆ ಫೈಲ್ ಸಿಸ್ಟಂಗಳಲ್ಲಿ ಇಎಕ್ಸ್‌ಟಿ4ಕ್ಕೆ ‘ನೋಲೋಡ್’ ಎಂಬ ಇನ್ನೊಂದು, ಎಕ್ಸ್‌ಎಫ್‌ಎಸ್‌ಗೆ ‘ನೋರಿಕವರಿ’ ಎಂಬ ಮತ್ತೊಂದು. ಹಾಗೆಯೇ ಮೂಲ ಡಿಸ್ಕು ಮತ್ತು ಅದರ ಇಮೇಜ್ ಎರಡನ್ನೂ ಒಟ್ಟಿಗೆ ಒಂದೇ ಯಂತ್ರಕ್ಕೆ ಜೋಡಿಸಬಾರದು: ಎರಡಕ್ಕೂ ಒಂದೇ ಗುರುತು ಸಂಖ್ಯೆ ಇರುವುದರಿಂದ ಬಿಟಿಆರ್‌ಎಫ್‌ಎಸ್ ಗೊಂದಲಗೊಂಡು ಡೇಟಾ ಹಾಳಾಗಬಹುದು. ಬಿಟಿಆರ್‌ಎಫ್‌ಎಸ್ ಪ್ರತಿ ಬ್ಲಾಕಿಗೂ ಚೆಕ್‌ಸಮ್ ಇಡುತ್ತದೆ ಎಂಬುದನ್ನು ಕೆಲವರು ‘ತಿದ್ದಿಲ್ಲ ಎಂಬುದಕ್ಕೆ ಪುರಾವೆ’ ಎನ್ನುತ್ತಾರೆ, ಅದು ಸರಿಯಲ್ಲ. ಅದು ಆಕಸ್ಮಿಕ ದೋಷವನ್ನು ಹಿಡಿಯುವುದಕ್ಕೆ ಇರುವುದು. ನ್ಯಾಯಾಲಯಕ್ಕೆ ಬೇಕಾದ ಹ್ಯಾಶ್ ಅನ್ನು ಪ್ರತ್ಯೇಕವಾಗಿಯೇ ತೆಗೆಯಬೇಕು.

---

ಉತ್ತರ
ಹಿರಿಯೂರು_ವಕೀಲ

ಕಾನೂನಿನ ಒಂದೆರಡು ಮಾತು ಸೇರಿಸುತ್ತೇನೆ. ನಿಮ್ಮ ಪ್ರಕರಣ 2024ರ ಜುಲೈ 1ರ ನಂತರದ್ದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63 ಅನ್ವಯಿಸುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 65ಬಿ ಪ್ರಮಾಣಪತ್ರದ (ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ದೃಢೀಕರಣ) ಜಾಗದಲ್ಲಿ ಈಗ ಅನುಸೂಚಿಯಲ್ಲಿ ಕೊಟ್ಟಿರುವ ನಮೂನೆ ಬಂದಿದೆ. ಅದರ ಎ ಭಾಗವನ್ನು ದಾಖಲೆ ಹಾಜರುಪಡಿಸುವವರು, ಬಿ ಭಾಗವನ್ನು ತಜ್ಞರು ತುಂಬಬೇಕು, ಎರಡರಲ್ಲಿಯೂ ಹ್ಯಾಶ್ ಮೌಲ್ಯ ಬರೆಯಬೇಕು. ಪ್ರಮಾಣಪತ್ರ ಕಡ್ಡಾಯ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ, ಹಳೆಯ ಕಲಮಿನ ಅಡಿಯಲ್ಲಿ, ಸ್ಪಷ್ಟಪಡಿಸಿದೆ. ನಮೂನೆ ಕೇಳುವುದು ಎಲೆಕ್ಟ್ರಾನಿಕ್ ದಾಖಲೆಯ ಹ್ಯಾಶ್. ಇಡೀ ಎಸ್‌ಎಸ್‌ಡಿಯ ಹ್ಯಾಶ್ ಜೊತೆಗೆ, ನೀವು ಅವಲಂಬಿಸುವ ಒಂದೊಂದು ಫೈಲಿನ ಹ್ಯಾಶನ್ನೂ ಎರಡೂ ಇಮೇಜ್‌ಗಳಿಂದ ತೆಗೆಸಿ ಹಾಕಿಸಿ. ಖಾಲಿ ಜಾಗ ಬದಲಾದರೂ ಯುಎಸ್‌ಎನ್ ಜರ್ನಲ್ ಮತ್ತು ಈವೆಂಟ್ ಲಾಗ್ ಫೈಲುಗಳ ಹ್ಯಾಶ್ ಎರಡರಲ್ಲಿಯೂ ಒಂದೇ ಬಂದರೆ ಎದುರು ಪಕ್ಷದ ಮೊದಲ ವಾದಕ್ಕೆ ಬಲವಿರುವುದಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರಂತೆ ಜಪ್ತಿಯ ದೃಶ್ಯ ಮುದ್ರಣ ಆಗಿರಬೇಕು. ಅದರ ಪ್ರತಿಯನ್ನೂ ಕೇಳಿ. ಲ್ಯಾಪ್‌ಟಾಪ್ ಆ ಹೊತ್ತಿನಲ್ಲಿ ಆನ್ ಇತ್ತೋ ಆಫ್ ಇತ್ತೋ ಎಂಬುದು ಅದರಲ್ಲಿಯೇ ಗೊತ್ತಾಗಬಹುದು.

---

ಉತ್ತರ
ಕೋಟೆನಾಡಿನವನು

ಹಿರಿಯೂರಿನ ವಕೀಲರು ಸೂಚಿಸಿದ ಫೈಲುವಾರು ಹ್ಯಾಶ್ ಬಹಳ ಸರಿಯಾದ ಕ್ರಮ. ಉಳಿದಿರುವುದು ಗುಮಾಸ್ತರ ಫೋನು. ಅದರಿಂದ ಅಳಿಸಿದ ಫೈಲುಗಳು ಸಿಗುತ್ತವೆ ಎಂದು ಹೆಚ್ಚು ನಿರೀಕ್ಷಿಸಬೇಡಿ. ಆಂಡ್ರಾಯ್ಡ್ 10ರೊಂದಿಗೆ ಅಥವಾ ಅದರ ನಂತರ ಮಾರುಕಟ್ಟೆಗೆ ಬಂದ ಫೋನುಗಳಲ್ಲಿ ಫೈಲುವಾರು ಎನ್‌ಕ್ರಿಪ್ಶನ್ ಕಡ್ಡಾಯ. ಫೋನಿನ ಫೈಲ್ ಸಿಸ್ಟಂ ಎಫ್2ಎಫ್‌ಎಸ್ ಇರಲಿ, ಇಎಕ್ಸ್‌ಟಿ4 ಇರಲಿ, ಅನೇಕ ಫೋನುಗಳಲ್ಲಿ ಪ್ರತಿ ಫೈಲಿನ ಕೀಲಿಯೂ ಆ ಫೈಲಿನ ದಾಖಲೆಯಲ್ಲಿರುವ ಒಂದು ಯಾದೃಚ್ಛಿಕ ಮೌಲ್ಯದಿಂದ ಹುಟ್ಟುತ್ತದೆ. ಫೈಲು ಅಳಿದು ಆ ದಾಖಲೆ ಹೋದರೆ, ಚಿಪ್ಪಿನಲ್ಲಿ ಬ್ಲಾಕುಗಳು ಉಳಿದಿದ್ದರೂ ಅವನ್ನು ಓದುವ ಕೀಲಿ ಇರುವುದಿಲ್ಲ. ಹಾಗಾಗಿ ಫೋನಿನಲ್ಲಿ ಹುಡುಕಬೇಕಾದದ್ದು ಈಗಲೂ ಇರುವ ಫೈಲುಗಳನ್ನು, ಅದರಲ್ಲಿಯೂ ಆ್ಯಪ್‌ಗಳ ಡೇಟಾಬೇಸುಗಳನ್ನು. ಡೇಟಾಬೇಸಿನೊಳಗೆ ಅಳಿಸಿದ ಸಾಲುಗಳು ಕೆಲವೊಮ್ಮೆ ಅದರ ಖಾಲಿ ಪುಟಗಳಲ್ಲಿ ಉಳಿದಿರುತ್ತವೆ, ಆ ಡೇಟಾಬೇಸ್ ಫೈಲು ತಾನು ಜೀವಂತ ಇರುವುದರಿಂದ ಕೀಲಿಯೂ ಇರುತ್ತದೆ.

ಇದೆಲ್ಲ ಫೋನಿನ ಲಾಕ್ ತೆರೆಯಬಲ್ಲವರಿಗೆ ಮಾತ್ರ ದಕ್ಕುತ್ತದೆ. ಆನ್ ಆದ ಮೇಲೆ ಒಮ್ಮೆಯೂ ಲಾಕ್ ತೆರೆಯದ ಫೋನಿನಲ್ಲಿ ಬಳಕೆದಾರರ ಡೇಟಾದ ಕೀಲಿ ಮೆಮೊರಿಯಲ್ಲಿಯೇ ಇರುವುದಿಲ್ಲ. ಮೂರು ದಿನ ಲಾಕ್ ಆಗಿಯೇ ಇದ್ದರೆ ತಾನಾಗಿ ಮರುಚಾಲನೆಗೊಳ್ಳುವ ವ್ಯವಸ್ಥೆಯನ್ನು ಗೂಗಲ್ 2025ರ ಏಪ್ರಿಲ್‌ನಲ್ಲಿ ತಂದಿದೆ. ಐಫೋನಿನಲ್ಲಿ ಐಒಎಸ್ 18ರ ಸರಣಿಯಿಂದಲೇ ಅಂಥದ್ದು ಇದೆ. ಜಪ್ತಿ ಮಾಡಿದ ಫೋನು ಲಕೋಟೆಯಲ್ಲಿ ಮೊಹರಾಗಿ ವಾರಗಟ್ಟಲೆ ಕಾದಿದ್ದರೆ ಕೀಲಿ ಮೆಮೊರಿಯಲ್ಲಿ ಉಳಿದಿರುವ ಅವಕಾಶ ಈಗಾಗಲೇ ಹೋಗಿದೆ ಎಂದು ತಿಳಿದು ಮುಂದುವರಿಯಿರಿ.

ಅರ್ಜಿಯಲ್ಲಿ ‘ಮರುಪರೀಕ್ಷೆ ಮಾಡಿಸಬೇಕು’ ಎಂದಷ್ಟೇ ಬರೆದರೆ ಅದೇ ವರದಿ ಇನ್ನೊಮ್ಮೆ ಬರುತ್ತದೆ. ಎರಡೂ ಇಮೇಜ್‌ಗಳ ಸೆಕ್ಟರ್ ಹೋಲಿಕೆ ಮತ್ತು ವ್ಯತ್ಯಾಸದ ಸೆಕ್ಟರುಗಳು ಯಾವ ಫೈಲಿಗೆ ಸೇರಿವೆ ಎಂಬ ಪಟ್ಟಿ, ಅಳಿಸಿದ ಫೈಲುಗಳ ಎಂಎಫ್‌ಟಿ ದಾಖಲೆ, ಆ ದಿನದ ಯುಎಸ್‌ಎನ್ ಜರ್ನಲ್ ಸಾಲುಗಳು ಕಾಲಮಾನದ ನಮೂದಿನೊಂದಿಗೆ, ಮೊದಲ ಇಮೇಜಿನ ಖಾಲಿ ಜಾಗದ ಹುಡುಕಾಟ, ಜೊತೆಗೆ ನಾಸ್‌ನ ಸ್ನ್ಯಾಪ್‌ಶಾಟ್‌ಗಳ ಪಟ್ಟಿ, ಇಷ್ಟನ್ನು ಹೆಸರಿಸಿ ಕೇಳಿ. ನಾಸ್ ಅನ್ನು ಮಾತ್ರ ಅರ್ಜಿಯ ಆದೇಶಕ್ಕೆ ಕಾಯಿಸಬೇಡಿ. ಚಳ್ಳಕೆರೆಯವರಿಗೆ ಈಗಲೇ ಫೋನ್ ಮಾಡಿ ಅದನ್ನು ಆಫ್ ಮಾಡಿಸಿ.

---

ವಕೀಲೆ_ದಾವಣಗೆರೆ

ಮಾಡಿಸಿದ್ದೇನೆ. ಆಫ್ ಮಾಡುವ ಮೊದಲು ಪರದೆಯನ್ನು ಮುಟ್ಟದೆ ಫೋಟೊ ತೆಗೆದು ಕಳುಹಿಸಿದ್ದಾರೆ: ಸ್ನ್ಯಾಪ್‌ಶಾಟ್‌ಗಳ ಪಟ್ಟಿಯಲ್ಲಿ ಪ್ರತಿ ತಿಂಗಳಿಗೆ ಒಂದೊಂದು ಉಳಿದಿದ್ದು, ಗುಮಾಸ್ತರು ಕೆಲಸ ಬಿಡುವುದಕ್ಕೆ ಹಿಂದಿನ ತಿಂಗಳ ಕೊನೆಯದೂ ಅದರಲ್ಲಿದೆ. ತನಿಖಾಧಿಕಾರಿಗೆ ಪತ್ರ ಸಿದ್ಧವಾಗುತ್ತಿದೆ, ಅರ್ಜಿಯನ್ನು ನೀವು ಹೇಳಿದ ಬಾಬತ್ತುಗಳನ್ನು ಹೆಸರಿಸಿಯೇ ಬರೆಯುತ್ತಿದ್ದೇನೆ. ವರದಿಯ 12.40ರ ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ ಯುಟಿಸಿ ಎಂದೇ ಇದೆ.